ಹೊಗೆಕೊಳವೆಯಲ್ಲಿ ಗಟ್ಟಿಯಾಗಿ ಕಟ್ಟಿಕೊಂಡ ಕ್ರಿಯೋಸೋಟ್ ತೆಗೆಯುವ ಬಗೆ: ಬಚ್ಚಲೊಲೆ ಮತ್ತು ಅಸ್ತ್ರ ಒಲೆ ಇರುವ ಮನೆಗಳಿಗೆ ಸಮಗ್ರ ಮಾರ್ಗದರ್ಶಿ

ಮಲೆನಾಡಿನ ಹಳೆಯ ಬಚ್ಚಲುಮನೆಗಳಲ್ಲಿ ಹಂಡೆಯ ಹಿಂದಿನ ಗೋಡೆಯನ್ನು ಗಮನಿಸಿದರೆ, ಹೊಗೆ ಪೈಪಿನ ಜೋಡಣೆಯ ಕೆಳಗೆ ಜೋನಿಬೆಲ್ಲ ಇಳಿದು ಒಣಗಿದಂಥ ಒಂದು ಕಂದುಗಪ್ಪು ಗೆರೆ ಅನೇಕ ಕಡೆ ಕಾಣುತ್ತದೆ. ಮಳೆನೀರು ಸೋರಿದ ಕಲೆ ಎಂದುಕೊಂಡು ಮನೆಯವರು ಅದರ ಮೇಲೆ ಸುಣ್ಣ ಬಳಿಯುತ್ತಾರೆ. ಮುಂದಿನ ಮಳೆಗಾಲದ ಹೊತ್ತಿಗೆ ಅದು ಸುಣ್ಣವನ್ನೂ ಹಾಯ್ದು ಮತ್ತೆ ಮೂಡುತ್ತದೆ. ಅದು ಕ್ರಿಯೋಸೋಟ್. ಸೌದೆ ಪೂರ್ತಿ ಉರಿಯದೆ ಹೊಗೆಯಾಡಿದಾಗ, ಆ ಹೊಗೆಯಲ್ಲಿರುವ ಟಾರಿನ ಆವಿ, ಆಮ್ಲಗಳು ಮತ್ತು ನೀರಾವಿ ತಣ್ಣಗಿರುವ ಕೊಳವೆಯ ಒಳಮೈಗೆ ತಾಗಿ ದ್ರವವಾಗಿ ಕೂರುತ್ತವೆ. ಮರುದಿನದ ಬೆಂಕಿ ಅದನ್ನು ಬೇಯಿಸಿ ಗಟ್ಟಿ ಮಾಡುತ್ತದೆ, ಅದರ ಮೇಲೆ ಮತ್ತೊಂದು ಪದರ ಕೂರುತ್ತದೆ. ಕೊಳವೆಗೆ ಹೀಗೆ ಅಂಟಿಕೊಂಡಿರುವುದು ಉರಿಯಲು ಬಾಕಿ ಇರುವ ಇಂಧನ ಎಂಬ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಮುಂದೆ ಹೇಳುವ ಎಲ್ಲ ಎಚ್ಚರಿಕೆಗಳ ಕಾರಣ ತಾನಾಗಿ ತಿಳಿಯುತ್ತದೆ. ಹಾರೆ ಹಾಕಿ ಒಡೆಯುವುದೂ ಬೆಂಕಿ ಕೊಟ್ಟು ಸುಡುವುದೂ ಎರಡೂ ತಪ್ಪು ದಾರಿಗಳು. ಪದರವನ್ನು ಮೊದಲು ಬಿರುಸು, ಅಂದರೆ ಸುಲಭವಾಗಿ ಚೂರಾಗುವಂತೆ, ಮಾಡಿಕೊಂಡು, ಆಮೇಲೆ ಬ್ರಷ್ಷಿನಿಂದ ತಾಳ್ಮೆಯಾಗಿ ಉದುರಿಸುವುದೇ ಸರಿಯಾದ ಕ್ರಮ.

ನಮ್ಮ ಒಲೆಗಳಲ್ಲಿ ಇದು ಏಕೆ ಹೆಚ್ಚು

ಹೊಗೆಯ ಉಷ್ಣತೆ ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅದರಲ್ಲಿರುವ ಟಾರು ಕೊಳವೆಯೊಳಗೇ ಕೂರತೊಡಗುತ್ತದೆ. ಬಚ್ಚಲೊಲೆಯಲ್ಲಿ ಜ್ವಾಲೆ ಮೊದಲು ತಾಗುವುದು ನೀರು ತುಂಬಿದ ತಾಮ್ರದ ಹಂಡೆಗೆ. ಒಳಗೆ ನೀರು ಇರುವವರೆಗೆ ಆ ಲೋಹ 100 ಡಿಗ್ರಿಯನ್ನು ಹೆಚ್ಚು ದಾಟುವುದಿಲ್ಲವಾದ್ದರಿಂದ, ಬೆಂಕಿಯ ಪಕ್ಕದಲ್ಲೇ ಹೊಗೆಯನ್ನು ತಣಿಸುವ ಒಂದು ದೊಡ್ಡ ಗೋಡೆ ನಿಂತಂತಾಗುತ್ತದೆ. ಇನ್ನು ಮಳೆಗಾಲದಲ್ಲಿ ಒಲೆಗೆ ಹೋಗುವುದು ಅರೆಬರೆ ಒಣಗಿದ ಕುಂಟೆ, ತೇವ ಹಿಡಿದ ಅಡಕೆ ಹಾಳೆ, ತೆಂಗಿನ ಮಟ್ಟೆ ಮತ್ತು ಸಿಪ್ಪೆ. ಒಮ್ಮೆ ಹೊತ್ತಿಸಿ, ಕುಂಟೆಯನ್ನು ಒಳಗೆ ನೂಕಿ, ಇಡೀ ದಿನ ಹೊಗೆಯಾಡಲು ಬಿಡುವ ರೂಢಿಯೂ ಇದಕ್ಕೆ ಸೇರುತ್ತದೆ. ಕ್ರಿಯೋಸೋಟ್ ಬೆಳೆಯಲು ಇದಕ್ಕಿಂತ ಅನುಕೂಲವಾದ ಏರ್ಪಾಡು ಬೇರೆ ಬೇಕಿಲ್ಲ.

ಅಸ್ತ್ರ ಒಲೆಯ ವಿಷಯ ಸ್ವಲ್ಪ ಬೇರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಆರಂಭವಾದ ಅಸ್ತ್ರ ಕೇಂದ್ರವು ರೂಪಿಸಿದ ಈ ಒಲೆ, ಕರ್ನಾಟಕದ ಸಾವಿರಾರು ಅಡುಗೆಮನೆಗಳಿಂದ ಹೊಗೆಯನ್ನು ಹೊರಹಾಕಿತು. ಒಂದೇ ಬೆಂಕಿಯ ಬಿಸಿಯನ್ನು ಸಾಲಾಗಿ ಕೂತ ಪಾತ್ರೆಗಳಿಗೆ ಹಂಚುವುದು ಇದರ ಗುಣ. ಪಾತ್ರೆಗಳು ಹೆಚ್ಚು ಬಿಸಿ ಹೀರಿಕೊಂಡಷ್ಟೂ ಕೊಳವೆಗೆ ಹೋಗುವ ಹೊಗೆ ತಣ್ಣಗಾಗುತ್ತದೆ. ಒಳ್ಳೆಯ ಒಲೆಯ ಹೊಗೆಕೊಳವೆಗೆ ಹೆಚ್ಚು ಆರೈಕೆ ಬೇಕಾಗುವುದು ಈ ಕಾರಣಕ್ಕೆ, ಒಲೆಯ ದೋಷದಿಂದಲ್ಲ. ಪೈಪು ಕಟ್ಟಿಕೊಂಡು ಹೊಗೆ ತಿರುಗಿ ಒಳಬರುವಂತಾದಾಗ ಒಲೆಯನ್ನೇ ಕಿತ್ತು ಹಾಕಿದ ಮನೆಗಳನ್ನು ಕಂಡಾಗಲೆಲ್ಲ ನನಗೆ ನಿಜವಾಗಿ ದುಃಖವಾಗಿದೆ, ಏಕೆಂದರೆ ಅಲ್ಲಿ ಬೇಕಾಗಿದ್ದದ್ದು ಅರ್ಧ ದಿನದ ಕೆಲಸ.

ಮೊದಲು ನೋಡಬೇಕಾದದ್ದು

ಒಲೆ ಹೊತ್ತಿಸಿದಾಗ ಹೊಗೆ ಬಾಯಿಯಿಂದ ಹಿಂದಕ್ಕೆ ಬರುವುದು, ಮೊದಲು ಚೆನ್ನಾಗಿ ಎಳೆಯುತ್ತಿದ್ದ ಬೆಂಕಿ ಮಂಕಾಗುವುದು, ಜೋಡಣೆಗಳಿಂದ ಕಪ್ಪು ದ್ರವ ತೊಟ್ಟಿಕ್ಕುವುದು, ಒಲೆ ಆರಿದ ಮೇಲೂ ಕಟುವಾದ ಘಾಟು ಉಳಿಯುವುದು, ಇವು ಕಟ್ಟಿಕೊಂಡಿದೆ ಎಂಬುದರ ಗುರುತುಗಳು. ಇವುಗಳಲ್ಲಿ ಮೊದಲನೆಯದು ಕಂಡ ದಿನವೇ ಒಲೆ ಹೊತ್ತಿಸುವುದನ್ನು ನಿಲ್ಲಿಸಿ. ಕಣ್ಣು ಉರಿಸುವ ಹೊಗೆಯ ಜೊತೆಗೆ, ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಕೂಡ ಒಳಗೆ ಬರುತ್ತಿರುತ್ತದೆ. ಒಲೆಯ ಬಾಯಿ ಬಚ್ಚಲಿನೊಳಗೇ ಇದ್ದು, ಬಾಗಿಲು ಹಾಕಿಕೊಂಡು ಸ್ನಾನ ಮಾಡುವ ಮನೆಗಳಲ್ಲಿ ಇದು ಜೀವಕ್ಕೇ ಎರವಾಗಬಲ್ಲದು.

ಬೆಂಕಿ ಆರಿಸಿ ಒಂದು ಇಡೀ ದಿನ, ಅಂದರೆ 24 ಗಂಟೆ, ಒಲೆ ತಣ್ಣಗಾಗಲು ಬಿಡಿ. ಬೂದಿಯ ಅಡಿಯಲ್ಲಿ ಕೆಂಡ ಎಷ್ಟು ಹೊತ್ತು ಜೀವ ಹಿಡಿದಿರುತ್ತದೆ ಎಂಬುದು ಬಚ್ಚಲೊಲೆ ಬಳಸುವವರಿಗೆ ಹೇಳಿಕೊಡಬೇಕಾದ ಸಂಗತಿಯಲ್ಲ. ಆಮೇಲೆ ತಗಡಿನ ಪೈಪನ್ನು ಕೆಳಗಿನಿಂದ ಮೇಲಿನವರೆಗೆ ಬೆರಳ ಗೆಣ್ಣಿನಿಂದ ಬಡಿಯುತ್ತಾ ಹೋಗಿ. ಖಾಲಿ ಜಾಗದಲ್ಲಿ ಸದ್ದು ಕಂಚಿನಂತೆ ಟಣಗುಟ್ಟುತ್ತದೆ, ತುಂಬಿದ ಜಾಗದಲ್ಲಿ ಮಣ್ಣಿನ ಗೋಡೆಗೆ ಬಡಿದಂತೆ ಡಬ್ ಎನ್ನುತ್ತದೆ. ಸೀಮೆಸುಣ್ಣದಿಂದ ಆ ಜಾಗಗಳಿಗೆ ಗುರುತು ಹಾಕಿಕೊಳ್ಳಿ. ನನ್ನ ಅನುಭವದಲ್ಲಿ ಸಾಮಾನ್ಯವಾಗಿ ಗುರುತು ಬೀಳುವುದು ಮೂರು ಕಡೆ: ಒಲೆಯಿಂದ ಹೊರಟ ಪೈಪು ಮೇಲಕ್ಕೆ ತಿರುಗುವ ಬೆಂಡಿನಲ್ಲಿ, ಹೆಂಚಿನಿಂದ ಹೊರಗೆ ಚಾಚಿ ಗಾಳಿ-ಮಳೆಗೆ ತಣಿಯುವ ಮೇಲಿನ ತುಂಡಿನಲ್ಲಿ, ಮತ್ತು ತುದಿಯ ಟೋಪಿಯ ಕೆಳಗೆ.

ಮುಂದಿನ ಕೆಲಸ ಟಾರ್ಚು ಮತ್ತು ಒಂದು ಸಣ್ಣ ಕನ್ನಡಿ ಹಿಡಿದು ಒಳಗೆ ನೋಡುವುದು. ಕಾಣುವುದು ಮೂರು ರೂಪಗಳಲ್ಲಿ ಒಂದಾಗಿರುತ್ತದೆ. ಬೆರಳಿಗೆ ಹತ್ತಿ ಪುಡಿಯಾಗುವ ಮಸಿ ಅತ್ಯಂತ ಸುಲಭದ್ದು. ಅಡುಗೆಮನೆಯ ಜಂತಿಯಲ್ಲಿ ತೂಗಾಡುವ ಇಲ್ಲಣದ ಸಂಬಂಧಿ ಎನ್ನಬಹುದು. ಎರಡನೆಯದು ಹೊಳೆಯುವ, ಒಣ ಹಕ್ಕಳೆಯಂಥದ್ದು. ಉಗುರಿನಿಂದ ಎಬ್ಬಿಸಿದರೆ ಚೂರಾಗಿ ಬರುತ್ತದೆ. ಮೂರನೆಯದೇ ಈ ಬರಹದ ಮುಖ್ಯ ವಿಷಯ: ಕರಿ ಗಾಜು ಎರಕ ಹೊಯ್ದಂತೆ ನುಣುಪಾಗಿ, ಟಾರ್ಚಿನ ಬೆಳಕನ್ನು ತಿರುಗಿ ಕಣ್ಣಿಗೆ ಹೊಡೆಯುವಂತೆ ಮಿರುಗುವ ಪದರ. ಮೊಳೆಯ ತುದಿಯಿಂದ ಗೀರಿದರೆ ಬಿಳಿ ಗೆರೆ ಬೀಳುತ್ತದೆಯೇ ಹೊರತು ಚೂರು ಏಳುವುದಿಲ್ಲ. ಪದರದ ದಪ್ಪ 3 ಮಿಲಿಮೀಟರ್ ಮುಟ್ಟಿತೆಂದರೆ, ಅದು ಯಾವ ರೂಪದ್ದಾದರೂ ಸರಿ, ತೆಗೆಯದೆ ಒಲೆ ಹೊತ್ತಿಸಬಾರದು. ಮಿರುಗುವ ಪದರವಾದರೆ ಅಷ್ಟು ದಪ್ಪವಾಗುವವರೆಗೂ ಕಾಯಬಾರದು.

ಯಾವಾಗ, ಯಾವ ಸಾಮಾನಿನಿಂದ

ಆಷಾಢದ ಮಳೆಯಲ್ಲಿ ಪಾಚಿ ಹಿಡಿದ ಹೆಂಚಿನ ಮೇಲೆ ಹತ್ತುವ ಯೋಚನೆಯೇ ಬೇಡ. ವರ್ಷಕ್ಕೆ ಎರಡು ಸಲ ಶುಚಿ ಮಾಡುವುದಾದರೆ, ಒಮ್ಮೆ ಮಳೆಗೆ ಮುಂಚೆ ಮೇ ತಿಂಗಳಲ್ಲಿ, ಇನ್ನೊಮ್ಮೆ ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಒಂದು ವಾರ ಮೊದಲು ಇಟ್ಟುಕೊಳ್ಳಿ. ಹಂಡೆಯನ್ನು ಹೇಗೂ ಆಗ ಒಲೆಯಿಂದಿಳಿಸಿ, ಹುಣಸೆಹಣ್ಣು ಹಾಕಿ ತಿಕ್ಕಿ, ಬೆಳಗುತ್ತೇವೆ. ಮಳೆಗಾಲವಿಡೀ ಕಟ್ಟಿಕೊಂಡ ಪದರ ಕೂಡ ಆಗ ಅತಿ ಹೆಚ್ಚು ಇರುತ್ತದೆ.

ಬೇಕಾದದ್ದು ಹೆಚ್ಚೇನಿಲ್ಲ: ಪೈಪಿನ ಒಳವ್ಯಾಸಕ್ಕಿಂತ ಸ್ವಲ್ಪವೇ ದೊಡ್ಡದಾದ ದುಂಡನೆಯ ಬ್ರಷ್ಷು, ಅದಕ್ಕೆ ಹಿಡಿ ಅಥವಾ ಹಗ್ಗ, ಮೊಂಡಾದ ಕೆರೆಯುವ ತಗಡು, ಗೋಣಿಚೀಲ, ಮುಚ್ಚಳವಿರುವ ತಗಡಿನ ಡಬ್ಬ, ಬಿಗಿಯಾಗಿ ಕೂರುವ ಎನ್95 ಮಾಸ್ಕ್, ಕಣ್ಣು ಪೂರ್ತಿ ಮುಚ್ಚುವ ಕನ್ನಡಕ, ರಬ್ಬರ್ ಕೈಗವಸು, ತೋಳು ಮುಚ್ಚುವ ಹಳೆಯ ಬಟ್ಟೆ. ಮನೆಗಳ ಪೈಪು ಸಾಮಾನ್ಯವಾಗಿ 4ರಿಂದ 6 ಇಂಚಿನದಾದ್ದರಿಂದ, ಅಳೆದುಕೊಂಡೇ ಬ್ರಷ್ಷು ಕೊಳ್ಳಿ. ಇಟ್ಟಿಗೆಯ ಹೊಗೆಗೂಡಿಗೆ ತಂತಿಯ ಬ್ರಷ್ಷು, ಸ್ಟೇನ್‌ಲೆಸ್ ಸ್ಟೀಲಿನ ಕೊಳವೆಗೆ ಪ್ಲಾಸ್ಟಿಕ್ ಎಳೆಯ ಬ್ರಷ್ಷು ಸೂಕ್ತ. ಹಿಡಿಗೆ ಬಿದಿರಿನ ಗಳ ಸಾಕು. ಅಡಕೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಹಗುರವಾಗಿದೆಯೆಂದು ಅದನ್ನು ಮಾಡಿನ ಮೇಲೆ ಎತ್ತಬೇಡಿ. ಅದರಲ್ಲಿ ವಿದ್ಯುತ್ ಹರಿಯುತ್ತದೆ, ಬಚ್ಚಲುಮನೆಯ ಪಕ್ಕದಲ್ಲಿ ಹಾದುಹೋಗುವ ತಂತಿ ಕೆಲಸದ ಗಡಿಬಿಡಿಯಲ್ಲಿ ಕಣ್ಣಿಗೆ ಬೀಳುವುದಿಲ್ಲ.

ಮಾಸ್ಕ್ ಮತ್ತು ಕೈಗವಸಿನ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣವಿದೆ. ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1775ರಲ್ಲಿ, ಹೊಗೆಗೂಡುಗಳನ್ನು ಹತ್ತಿ ಗುಡಿಸುತ್ತಿದ್ದವರಿಗೆ ಬರುತ್ತಿದ್ದ ಒಂದು ಬಗೆಯ ಕ್ಯಾನ್ಸರಿಗೂ ಚರ್ಮದ ಮಡಿಕೆಗಳಲ್ಲಿ ಉಳಿಯುತ್ತಿದ್ದ ಮಸಿಗೂ ಸಂಬಂಧವಿದೆ ಎಂದು ಬರೆದರು. ಉದ್ಯೋಗದ ಕಾರಣದಿಂದ ಬರುವ ಕ್ಯಾನ್ಸರ್ ಒಂದನ್ನು ಗುರುತಿಸಿದ ಮೊದಲ ಬರಹಗಳಲ್ಲಿ ಅದೂ ಒಂದು. ಆ ಕೆಲಸಕ್ಕೆ ಅಂದು ಹಚ್ಚುತ್ತಿದ್ದದ್ದು ಪುಟ್ಟ ಹುಡುಗರನ್ನು. ಆದ್ದರಿಂದ ನಿಮ್ಮ ಮನೆಯಲ್ಲಿ ಈ ಕೆಲಸ ನಡೆಯುವಾಗ ಮಕ್ಕಳನ್ನು ಹತ್ತಿರ ಬಿಡಬೇಡಿ, ಕೆಲಸ ಮುಗಿದ ಕೂಡಲೇ ಸೋಪು ಹಚ್ಚಿ ಸ್ನಾನ ಮಾಡಿ, ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ.

ಪುಡಿ ಮಸಿ ಮತ್ತು ಹಕ್ಕಳೆ ತೆಗೆಯುವುದು

ಪೈಪು ತುಂಡುತುಂಡಾಗಿ ಬಿಚ್ಚುವಂತಿದ್ದರೆ, ಬಿಚ್ಚಿ ನೆಲಕ್ಕಿಳಿಸಿಯೇ ಶುಚಿ ಮಾಡಿ. ಬಿಚ್ಚುವ ಮೊದಲು ಪ್ರತಿ ಜೋಡಣೆಯ ಎರಡೂ ಬದಿಗೆ ಒಂದೇ ಅಂಕಿ ಬರೆದುಕೊಂಡರೆ ಮತ್ತೆ ಕೂಡಿಸುವಾಗ ತೊಡಕಾಗುವುದಿಲ್ಲ. ಬಿಚ್ಚಲು ಬಾರದ ಪೈಪಾದರೆ, ಒಲೆಯ ಬಾಯಿಗೂ ಪಾತ್ರೆ ಕೂರುವ ಕಣ್ಣುಗಳಿಗೂ ಒದ್ದೆ ಗೋಣಿ ಮುಚ್ಚಿ, ಟೋಪಿ ತೆಗೆದು, ಮೇಲಿನಿಂದ ಹಗ್ಗ ಇಳಿಬಿಡಿ. ಹಗ್ಗದ ತುದಿಗೆ ನುಣುಪಾದ ಒಂದು ಸಣ್ಣ ಕಲ್ಲು ಕಟ್ಟಿ ಇಳಿಸಿದರೆ ಅದು ಬೆಂಡಿನವರೆಗೆ ಬರುತ್ತದೆ. ಅಲ್ಲಿಂದ ಕೈಗೆ ಎಳೆದುಕೊಂಡು, ನಡುವೆ ಬ್ರಷ್ಷು ಕಟ್ಟಿ, ಮೇಲೊಬ್ಬರು ಕೆಳಗೊಬ್ಬರು ನಿಂತು, ಬಾವಿಯಲ್ಲಿ ನೀರು ಸೇದುವ ಲಯದಲ್ಲಿ ಎಳೆದು ಬಿಡುತ್ತಾ ಇರಬೇಕು. ಒಂದೊಂದು ಮೊಳ ಉದ್ದಕ್ಕೆ ಹತ್ತು ಹನ್ನೆರಡು ಸಲ ಎಳೆದರೆ ಮೊದಲ ಎರಡು ರೂಪದ ಪದರ ಬಹುಪಾಲು ಉದುರುತ್ತದೆ. ಸ್ಕ್ರೂ ಹಾಕಿ ಕೂಡಿಸುವ ಸರಳುಗಳನ್ನು ಬಳಸುವವರು ಅವನ್ನು ಎಡಕ್ಕೆ ತಿರುಗಿಸಲೇಬಾರದು. ತಿರುಗಿಸಿದರೆ ಸ್ಕ್ರೂ ಬಿಚ್ಚಿ ಬ್ರಷ್ಷು ಒಳಗೇ ಉಳಿದು ಹೊಸ ತಡೆಯಾಗುತ್ತದೆ.

ಮಾಡು ಹತ್ತುವವರು ಹೆಂಚಿನ ಮೇಲೆ ಕಾಲಿಡದೆ, ಒಳಗಿನಿಂದ ನಾಲ್ಕಾರು ಹೆಂಚು ಸರಿಸಿ, ಏಣಿಯ ಮೇಲೆ ನಿಂತೇ ಪೈಪನ್ನು ಮುಟ್ಟುವ ದಾರಿ ಹುಡುಕುವುದು ಲೇಸು. ಏಣಿಯನ್ನು ಕಟ್ಟಿರಬೇಕು, ಕೆಳಗೆ ಒಬ್ಬರು ಇರಲೇಬೇಕು.

ಅಸ್ತ್ರ ಒಲೆಯಲ್ಲಿ ಪೈಪಿನ ಕೆಲಸ ಮುಗಿದ ಮೇಲೆ ಪಾತ್ರೆಗಳ ಕಣ್ಣುಗಳ ಮೂಲಕ ಕೈಹಾಕಿ, ಒಂದರಿಂದ ಇನ್ನೊಂದಕ್ಕೆ ಹೊಗೆ ಹೋಗುವ ದಾರಿಯಲ್ಲಿ ಬಿದ್ದ ಮಸಿ ಮತ್ತು ಬೂದಿಯನ್ನು ತೆಗೆಯಿರಿ. ಪೈಪು ಕಟ್ಟಿದೆ ಎಂದು ದೂರುವ ಮನೆಗಳಲ್ಲಿ ಎಷ್ಟೋ ಸಲ ಕಟ್ಟಿರುವುದು ಈ ಅಡ್ಡದಾರಿಯೇ.

ಗಾಜಿನಂಥ ಪದರಕ್ಕೆ

ಇಲ್ಲಿ ಬ್ರಷ್ಷು ಸೋಲುತ್ತದೆ. ಬ್ರಷ್ಷು ಸೋತಾಗ ಕೈ ತಾನಾಗಿ ಕಬ್ಬಿಣದ ಸರಳಿನ ಕಡೆ ಹೋಗುತ್ತದೆ. ನಮ್ಮ ಮನೆಯ ಬಚ್ಚಲೊಲೆಯ ಬೆಂಡಿನಲ್ಲಿ ನಾನೂ ಅದನ್ನೇ ಮಾಡಿದೆ: ಮೂರನೆಯ ಪೆಟ್ಟಿಗೆ ಸರಳು ಪದರವನ್ನು ಮಾತ್ರವಲ್ಲ, ಪೈಪನ್ನೂ ತೂರಿ ಹೊರಬಂತು. ಕ್ರಿಯೋಸೋಟಿನಲ್ಲಿರುವ ಆಮ್ಲ ವರ್ಷಗಳಿಂದ ತಗಡನ್ನು ಒಳಗಿನಿಂದ ತಿಂದು ಕಾಗದದಷ್ಟು ತೆಳ್ಳಗೆ ಮಾಡಿತ್ತು, ಹೊರಗಿನ ಬಣ್ಣ ಮಾತ್ರ ಗಟ್ಟಿಯಾಗಿ ಕಾಣುತ್ತಿತ್ತು. ಆದ್ದರಿಂದ ತಗಡಿನ ಬೆಂಡಿನೊಳಗೆ ಮಿರುಗುವ ಪದರ 5-6 ಮಿಲಿಮೀಟರಿಗಿಂತ ದಪ್ಪವಿದ್ದರೆ ನನ್ನ ಸಲಹೆ ಒಂದೇ: ಆ ತುಂಡನ್ನು ಬದಲಾಯಿಸಿ. ಹೊಸ ತುಂಡಿನ ಬೆಲೆ ಎರಡು ದಿನದ ಕೂಲಿಗಿಂತ ಹೆಚ್ಚಾಗುವುದು ಅಪರೂಪ.

ಬದಲಾಯಿಸಲು ಆಗದ ಕಡೆ, ಪದರ ಒತ್ತಿದರೆ ತಗ್ಗುವಷ್ಟು ಅಂಟಾಗಿದ್ದರೆ, ಹೊತ್ತು ನೋಡಿ ಕೆಲಸ ಮಾಡಿ. ಟಾರು ಬಿಸಿಲಿಗೆ ಬೆಲ್ಲದಂತೆ ಇಳಿಯುತ್ತದೆ, ಚಳಿಗೆ ಕಲ್ಲುಸಕ್ಕರೆಯಂತೆ ಬಿರಿಯುತ್ತದೆ. ಮಧ್ಯಾಹ್ನ ಬ್ರಷ್ಷಿಗೆ ಮೆತ್ತಿಕೊಂಡು ಅದನ್ನೇ ಹಾಳು ಮಾಡುವ ಪದರ, ಮಂಜು ಬಿದ್ದ ಬೆಳಗಿನ ಆರು ಗಂಟೆಗೆ ಮೊಂಡು ತಗಡಿನ ಅಂಚಿಗೆ ಚಕ್ಕೆಯಾಗಿ ಏಳಬಲ್ಲದು. ಬಿಚ್ಚಿದ ಸ್ಟೀಲಿನ ತುಂಡುಗಳನ್ನು ಬಿಸಿನೀರಿನಲ್ಲಿ ವಾಷಿಂಗ್ ಸೋಡಾ ಕದಡಿ ರಾತ್ರಿಯಿಡೀ ನೆನೆಹಾಕಿದರೆ ಪದರ ಮೆತ್ತಗಾಗಿ ಅಂಚು ಬಿಡುತ್ತದೆ. ಪೂರ್ತಿ ಕರಗುತ್ತದೆಂದು ನಿರೀಕ್ಷಿಸಬೇಡಿ. ಕಾಸ್ಟಿಕ್ ಸೋಡಾವನ್ನು ಜಿ.ಐ., ಅಂದರೆ ಸತು ಲೇಪಿಸಿದ ಕಬ್ಬಿಣದ, ತಗಡಿಗೆ ಹಾಕಬಾರದು, ಅದು ಸತುವಿನ ಲೇಪವನ್ನೇ ತಿನ್ನುತ್ತದೆ, ಚರ್ಮವನ್ನೂ ಸುಡುತ್ತದೆ. ಬಿಚ್ಚಿದ ಜಿ.ಐ. ಪೈಪನ್ನು ಅಂಗಳದಲ್ಲಿ ಸೋಗೆ ರಾಶಿಯ ಮೇಲಿಟ್ಟು ಸುಡುವ ರೂಢಿಯೂ ಒಳ್ಳೆಯದಲ್ಲ. ಸತುವಿನ ಹೊಗೆ ಕುಡಿದವರಿಗೆ ಸಂಜೆಗೆ ಚಳಿಜ್ವರ ಹತ್ತುತ್ತದೆ.

ಇಟ್ಟಿಗೆಯ ಹೊಗೆಗೂಡಿನಲ್ಲಿ, ಕೊಡಗು ಮತ್ತು ಚಿಕ್ಕಮಗಳೂರಿನ ಎಸ್ಟೇಟ್ ಬಂಗಲೆಗಳ ಅಗ್ಗಿಷ್ಟಿಕೆಗಳಂಥ ಕಡೆ, ಪದರವನ್ನು ರಾಸಾಯನಿಕವಾಗಿ ಬಿರುಸು ಮಾಡುವ ಕ್ರಿಯೋಸೋಟ್ ರಿಮೂವರ್ ಪುಡಿಗಳನ್ನು ಬಳಸುತ್ತಾರೆ. ಬೆಂಕಿ ಚೆನ್ನಾಗಿ ಹಿಡಿದ ಮೇಲೆ ಪೊಟ್ಟಣದಲ್ಲಿ ಹೇಳಿದ ಅಳತೆಯಷ್ಟನ್ನೇ ಕೆಂಡದ ಮೇಲೆ ಹಾಕಬೇಕು. ಪುಡಿಯ ಲವಣಗಳು ಹೊಗೆಯೊಡನೆ ಏರಿ ಪದರದ ಮೇಲೆ ಕೂತು, ಹಲವು ದಿನಗಳ ಬೆಂಕಿಯಲ್ಲಿ ಅದರ ಟಾರನ್ನು ಒಣಗಿಸಿ, ನುಣುಪು ಗಾಜನ್ನು ಬೂದುಬಣ್ಣದ ಬಿರುಕು ಹಕ್ಕಳೆಯಾಗಿ ಮಾರ್ಪಡಿಸುತ್ತವೆ. ಈ ಉಪಾಯ ನಡೆಯುವುದು ಹೊಗೆಗೆ ಇನ್ನೂ ಸಾಕಷ್ಟು ದಾರಿ ಉಳಿದಿದ್ದರೆ ಮಾತ್ರ. ಪದರ ತೆಳುವಾಗಿರಬೇಕು, ಬೆಂಕಿ ಸಣ್ಣದಾಗಿರಬೇಕು, ಮನೆಯಲ್ಲಿ ಎಚ್ಚರದ ಒಬ್ಬರು ಹತ್ತಿರವೇ ಇರಬೇಕು. ಪುಡಿ ಹಾಕಿದ್ದಕ್ಕೇ ಕೆಲಸ ಮುಗಿಯಿತೆಂದು ನಿಲ್ಲುವುದು ಅತಿ ದೊಡ್ಡ ತಪ್ಪು. ಬಿರುಸಾದ ಚಕ್ಕೆಗಳು ಉದುರಿ ಬೆಂಡಿನಲ್ಲಿ ಗುಡ್ಡೆಯಾಗುತ್ತವೆ, ಮೊದಲು ಅರ್ಧ ಕಟ್ಟಿದ್ದ ಕೊಳವೆ ಆಗ ಪೂರ್ತಿ ಕಟ್ಟುತ್ತದೆ. ಪುಡಿಯ ನಂತರ ಬ್ರಷ್ಷು ಹಾಕಿ, ಬುಡದ ಚಕ್ಕೆಗಳನ್ನು ತೆಗೆದ ಮೇಲಷ್ಟೇ ಒಲೆಯನ್ನು ಎಂದಿನಂತೆ ಬಳಸಬೇಕು. ತಿರುಗುವ ಸರಪಳಿಯಿಂದ ಪದರ ಒಡೆಯುವ ಯಂತ್ರವೂ ಇದೆ. ಅದು ಒಳಗಿನ ಸುಟ್ಟ ಮಣ್ಣಿನ ಹೆಂಚನ್ನೂ ಒಡೆಯಬಲ್ಲದಾದ್ದರಿಂದ ಪಳಗಿದವರ ಕೈಯಲ್ಲೇ ಇರಬೇಕು.

ಅಮೆರಿಕ, ಕೆನಡಾಗಳ ಚಳಿ ಪ್ರದೇಶದಲ್ಲಿ ಸೌದೆ ಒಲೆಯಿರುವ ಮನೆ ಕೊಂಡ ಕನ್ನಡಿಗರು ಈ ಮೂರನೆಯ ರೂಪವನ್ನು ತಾವಾಗಿ ಮುಟ್ಟದೆ, ಪ್ರಮಾಣಪತ್ರವಿರುವ ಚಿಮ್ನಿ ಸ್ವೀಪ್ (ಹೊಗೆಗೂಡು ಶುಚಿ ಮಾಡುವ ಕಸುಬಿನವರು) ಅವರನ್ನು ಕರೆಸುವುದು ಸರಿ. ಅಮೆರಿಕದ ಎನ್‌ಎಫ್‌ಪಿಎ 211 ಎಂಬ ಅಗ್ನಿಸುರಕ್ಷತಾ ಮಾನದಂಡ ಹೊಗೆಗೂಡನ್ನು ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಬೇಕೆನ್ನುತ್ತದೆ.

ಒಲೆಗೆ ಉಪ್ಪು ಎರಚಿದರೆ, ಆಲೂಗಡ್ಡೆ ಸಿಪ್ಪೆ ಸುಟ್ಟರೆ ಪೈಪು ಶುಚಿಯಾಗುತ್ತದೆ ಎಂಬ ಮಾತುಗಳನ್ನು ನಂಬಿ ಕೂರಬೇಡಿ. ಉಪ್ಪು ಲೋಹವನ್ನು ಬೇಗ ತುಕ್ಕು ಹಿಡಿಸುತ್ತದೆ.

ಪೈಪು ಕಲ್ನಾರಿನದಾಗಿದ್ದರೆ

ಬೂದುಬಣ್ಣದ ಹಳೆಯ ಸಿಮೆಂಟ್ ಪೈಪುಗಳಲ್ಲಿ ಹೆಚ್ಚಿನವು ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಬೆರೆಸಿದವು. ಇವನ್ನು ಒಣಗಿರುವಾಗ ತಂತಿ ಬ್ರಷ್ಷಿನಿಂದ ಉಜ್ಜಬಾರದು, ಕೆರೆಯಬಾರದು, ಗರಗಸ ಹಾಕಬಾರದು. ಕಣ್ಣಿಗೆ ಕಾಣದ ಎಳೆಗಳು ಗಾಳಿಗೆ ಸೇರಿ, ದಶಕಗಳ ನಂತರ ಶ್ವಾಸಕೋಶದ ರೋಗವಾಗಿ ಹೊರಬರುತ್ತವೆ. ಇಂಥ ಪೈಪಿನಲ್ಲಿ ಗಟ್ಟಿ ಪದರ ಕಂಡರೆ ಶುಚಿ ಮಾಡುವ ಯತ್ನವನ್ನೇ ಬಿಟ್ಟು, ನೀರು ಚಿಮುಕಿಸಿ ಒದ್ದೆ ಮಾಡಿ, ಒಡೆಯದೆ ಇಡಿಯಾಗಿ ಇಳಿಸಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬಿಗಿಯಾಗಿ ಕಟ್ಟಿಡಿ; ಅದರ ಜಾಗಕ್ಕೆ ಸ್ಟೀಲಿನ ಪೈಪು ಹಾಕಿಸಿ. ಒಳಗೆ ಬೆಂಕಿ ಹತ್ತಿದರೆ ಈ ಪೈಪುಗಳು ಸಿಡಿಯುತ್ತವೆ ಎಂಬುದು ಮತ್ತೊಂದು ಕಾರಣ.

ಕೆಲಸ ಮುಗಿದ ಮೇಲೆ

ಬುಡದಿಂದ ಕನ್ನಡಿಯಲ್ಲಿ ನೋಡಿದರೆ ಮೇಲಿನ ಆಕಾಶ ದುಂಡಗೆ ಕಾಣಬೇಕು. ಬೆಂಡಿದ್ದರೆ ಮೇಲಿನಿಂದ ಇಳಿಬಿಟ್ಟ ಟಾರ್ಚಿನ ಬೆಳಕು ಕಾಣಬೇಕು. ಆಮೇಲೆ ಒಲೆಯ ಬಾಯಿಯಲ್ಲಿ ಊದುಬತ್ತಿ ಹಿಡಿಯಿರಿ. ಅದರ ಹೊಗೆ ಒಳಕ್ಕೆ ಬಾಗಿದರೆ ಕೊಳವೆ ಎಳೆಯುತ್ತಿದೆ ಎಂದರ್ಥ. ಮೊದಲ ಬೆಂಕಿ ಒಣ ಗೆರಟೆಯ ಸಣ್ಣ ಬೆಂಕಿಯಾಗಿರಲಿ, ಪ್ರತಿ ಜೋಡಣೆಯ ಬಳಿ ಹೊಗೆ ಸೋರುತ್ತಿದೆಯೇ ಎಂದು ನೋಡಿ. ಉದುರಿದ ಮಸಿಯನ್ನು ಮುಚ್ಚಳದ ಡಬ್ಬದಲ್ಲಿ ಎರಡು ದಿನ ಹೊರಗಿಟ್ಟು, ಬಾವಿ ಮತ್ತು ಹಳ್ಳದಿಂದ ದೂರ ಹೂಳಿ. ಒಲೆಯ ಬೂದಿ ತೋಟಕ್ಕೆ ಒಳ್ಳೆಯದು, ಈ ಟಾರು ಮಸಿ ಒಳ್ಳೆಯದಲ್ಲ.

ಕೊಳವೆಗೇ ಬೆಂಕಿ ಹತ್ತಿದರೆ

ತುದಿಯಿಂದ ಕಿಡಿ ಹಾರುವುದು, ಒಳಗಿನಿಂದ ಲಾರಿ ಏರು ಹತ್ತುವಂಥ ಗರ್ಜನೆ ಕೇಳುವುದು, ತಗಡು ಕೆಂಪಾಗುವುದು ಇದರ ಗುರುತು. ಒಳಗಿನ ಉಷ್ಣತೆ 1100 ಡಿಗ್ರಿಯವರೆಗೂ ಏರಬಲ್ಲದು. ಪೈಪು ತೂರಿದ ಜಾಗದ ಮರದ ಜಂತಿ, ಅಟ್ಟದಲ್ಲಿಟ್ಟ ಸಾಮಾನು ಹೊತ್ತಿಕೊಳ್ಳಲು ಹೆಚ್ಚು ಹೊತ್ತು ಬೇಡ. ಮನೆಯವರನ್ನೆಲ್ಲ ಹೊರಗೆ ಕಳಿಸಿ, 112 ಅಥವಾ 101ಕ್ಕೆ ಕರೆ ಮಾಡಿ. ಹೊರಡುವ ಮುನ್ನ ಕೈಗೆಟುಕಿದರೆ ಮಾತ್ರ ಒಲೆಯ ಬಾಯಿಯನ್ನು ತಗಡಿನಿಂದ ಮುಚ್ಚಿ ಗಾಳಿ ತಡೆಯಿರಿ. ಕೊಳವೆಯೊಳಗೆ ನೀರು ಸುರಿಯಬೇಡಿ. ಕಾದ ಇಟ್ಟಿಗೆ ಮತ್ತು ತಗಡು ಬಿರಿಯುತ್ತವೆ, ಉಗಿ ಮುಖಕ್ಕೆ ಸಿಡಿಯುತ್ತದೆ. ಬೆಂಕಿ ತಾನಾಗಿ ಆರಿದರೂ ಪೂರ್ತಿ ಪರೀಕ್ಷೆಯಾಗದೆ ಆ ಒಲೆಯನ್ನು ಮತ್ತೆ ಹೊತ್ತಿಸಬಾರದು. ಪೈಪು ಶುಚಿಯಾಗಲೆಂದು ಬೇಕೆಂತಲೇ ಜೋರು ಬೆಂಕಿ ಹಾಕುವವರು ಆಹ್ವಾನಿಸುವುದು ಇದನ್ನೇ.

ಮತ್ತೆ ಕಟ್ಟಿಕೊಳ್ಳದಂತೆ

ಪೈಪು ಕೂಡಿಸುವಾಗ ಮೇಲಿನ ತುಂಡಿನ ಕಿರಿದಾದ ತುದಿ ಕೆಳಗಿನ ತುಂಡಿನ ಒಳಗೆ ಕೂರಬೇಕು. ಮಳೆನೀರಿಗೆ ಹೆದರಿ ಇದನ್ನು ತಿರುವುಮುರುವಾಗಿ ಹಾಕುವವರೂ ಇದ್ದಾರೆ. ಕಿರಿದಾದ ತುದಿ ಕೆಳಮುಖವಾಗಿರುವಂತೆ ಕೂಡಿಸಿದರೆ ಇಳಿಯುವ ಟಾರು ಒಳಗೇ ಹರಿದು ಬುಡಕ್ಕೆ ಬರುತ್ತದೆ, ಗೋಡೆಯ ಮೇಲಿನ ಆ ಕಂದುಗಪ್ಪು ಗೆರೆ ನಿಲ್ಲುತ್ತದೆ. ನೇರ 90 ಡಿಗ್ರಿ ಬೆಂಡಿನ ಬದಲು 45 ಡಿಗ್ರಿಯ ಎರಡು ಬೆಂಡು ಹಾಕಿಸಿ, ಬುಡದಲ್ಲಿ ಮುಚ್ಚಳವಿರುವ ಒಂದು ಟೀ ತುಂಡು (ಇಂಗ್ಲಿಷಿನ T ಆಕಾರದ ಜೋಡಣೆ) ಇಡಿಸಿ. ಮುಂದಿನ ವರ್ಷ ಅರ್ಧ ಕೆಲಸ ಅಲ್ಲಿಂದಲೇ ಆಗುತ್ತದೆ. ಟೋಪಿಗೆ ಸಣ್ಣ ಕಣ್ಣಿನ ಜಾಲರಿ ಬೇಡ, ಅದು ಮೊದಲು ಕಟ್ಟಿಕೊಳ್ಳುತ್ತದೆ.

ಉಳಿದದ್ದು ಸೌದೆಯ ವಿಷಯ. ಹಸಿ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಅದು 20 ಶೇಕಡಕ್ಕಿಂತ ಕೆಳಗಿಳಿಯಲು ಸೀಳಿ ಒಟ್ಟಿದ ಸೌದೆಗೆ ಆರು ತಿಂಗಳಿಂದ ಒಂದು ವರ್ಷ ಬೇಕು. ಆದ್ದರಿಂದ ಈ ಬೇಸಿಗೆಯಲ್ಲಿ ಕಡಿದದ್ದನ್ನು ಸೀಳಿ, ಕೊಟ್ಟಿಗೆಯ ಒಂದು ಬದಿಗೆ ನೆಲ ಮುಟ್ಟದಂತೆ ಒಟ್ಟಿ, ಮುಂದಿನ ಬೇಸಿಗೆ ಕಳೆದ ಮೇಲೆ ಬರುವ ಮಳೆಗಾಲಕ್ಕೆ ಬಳಸಿ. ಸಣ್ಣ ಸೀಳುಗಳ ಚುರುಕು ಬೆಂಕಿಯಲ್ಲಿ ನೀರು ಕಾಯಿಸಿ ಒಲೆ ಆರಿಸುವುದು, ದಪ್ಪ ಕುಂಟೆಯನ್ನು ಹೊಗೆಯಾಡಲು ಬಿಡುವುದಕ್ಕಿಂತ ಕೊಳವೆಗೆ ಎಷ್ಟೋ ವಾಸಿ. ಒಣಗಿದೆಯೇ ಎಂದು ತಿಳಿಯಲು ಎರಡು ಸೀಳನ್ನು ಕೈಯಲ್ಲಿ ಹಿಡಿದು ಒಂದಕ್ಕೊಂದು ಬಡಿಯಿರಿ. ಸದ್ದು ಟಣ್ ಎಂದರೆ ಒಲೆಗೆ ಹಾಕಿ, ಡಬ್ ಎಂದರೆ ಮತ್ತೆ ರಾಶಿಗೆ ಸೇರಿಸಿ.